ಅರಕ್ಕು ರೇಷ್ಮೆ ಒಂದು ಕಿಲೊ

2024ನೇ ಇಸವಿ ನವೆಂಬರ್ 30, ಶನಿವಾರ, ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಪಳನಿಯಮ್ಮ ಒಂದು ಕಿಲೊ ರೇಷ್ಮೆ ಕದ್ದಳು. ಹಾಗೆಂದು ವಿಶ್ವನಾಥನ್ ತೀರ್ಮಾನಿಸಿದ್ದು ಡಿಸೆಂಬರ್ 5ರ ಸಂಜೆ, ಕಾಫಿ ಕುಡಿಯುತ್ತ. ದಿನ, ಗಂಟೆ, ನಿಮಿಷ ಎಲ್ಲವನ್ನೂ ಆತನೇ ಆರಿಸಿದ. ಪಳನಿಯಮ್ಮನಿಗೆ ಈ ಸಂಗತಿ ಇನ್ನೂ ಗೊತ್ತಿರಲಿಲ್ಲ.

ಕಾರಣ ಒಂದು ಕಾರು. ತಮಿಳುನಾಡಿನ ತಾರಮಂಗಲದಿಂದ ಆರು ಕಿಲೋಮೀಟರ್ ಒಳಗಿದ್ದ, ಕನ್ನಡ ಮಾತಾಡುವ ನೇಕಾರರ ಊರಿನಲ್ಲಿ ವಿಶ್ವನಾಥನ್ ರೇಷ್ಮೆ ವ್ಯಾಪಾರಿ. ಸೇಲಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು, ಬಣ್ಣದ ತೊಟ್ಟಿಯ ಬಿಸಿಯನ್ನು ಥರ್ಮಾಮೀಟರಿನಲ್ಲಿ ನೋಡುವವನು. ಆತನ ಹೊಸ ಕಾರು ಮಾತ್ರ ಬೀದಿಯ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ಮರದಲ್ಲಿ ಕಾಗೆಗಳಿದ್ದವು. ಮನೆಯ ಮುಂಭಾಗದಲ್ಲಿ ಕಾರು ನಿಲ್ಲಿಸಲು ಸರಿಯಾದ ಜಾಗವೇನೋ ಇತ್ತು, ಆದರೆ ಅದು ಪಳನಿಯಮ್ಮನ ಕೋಣೆ. ನಲವತ್ತು ವರ್ಷದ ಹಿಂದೆ ಆತನ ಅಪ್ಪ ಅವಳ ಗಂಡನಿಗೆ ಬಾಡಿಗೆಗೆ ಕೊಟ್ಟದ್ದು. ಗಂಡ ಹೋದ ಮೇಲೆ ಅವಳು ಅಲ್ಲೇ ಉಂಡು, ಮಲಗಿ, ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಕಾರರ ಸೊಸೈಟಿಗೆ ಹತ್ತಿ ನೂಲಿನ ಸೀರೆ ನೇಯುತ್ತಿದ್ದಳು. ಅವಳಿಗೆ ಅರವತ್ತಾರು ವರ್ಷ, ಬೇರೆ ಮನೆಯಿಲ್ಲ.

ಕೋರ್ಟಿನ ಮೂಲಕ ಕೋಣೆ ಬಿಡಿಸಲು ಎಷ್ಟು ಕಾಲ ಬೇಕೆಂದು ವಕೀಲರನ್ನು ಕೇಳಿದ್ದಕ್ಕೆ ಅವರು ಹನ್ನೆರಡು ವರ್ಷ ಎಂದಿದ್ದರು. ಕಾರಿನ ಆಯುಸ್ಸೇ ಅಷ್ಟಿರಲಿಲ್ಲ.

ಹೆಂಡತಿಯ ತಂಗಿಯ ಗೃಹಪ್ರವೇಶಕ್ಕೆಂದು 30ರ ಬೆಳಿಗ್ಗೆ ಹರೂರಿಗೆ ಹೋದ ಗಂಡಹೆಂಡತಿ, ಮಳೆಗೆ ಅಲ್ಲಿಯ ರಸ್ತೆಗಳು ಕಡಿದುಹೋಗಿ, 5ರ ಸಂಜೆ ಊರಿಗೆ ಮರಳಿದರು. ಊರಲ್ಲಿ ಬಿಸಿಲು ಬಿದ್ದಿತ್ತು. ಕಾರು ಬೇವಿನ ಮರದಡಿ ನಿಂತ ಐದನೇ ನಿಮಿಷಕ್ಕೆ ಗಾಜಿನ ಮೇಲೆ ಕಾಗೆ ತನ್ನ ಕೆಲಸ ಮಾಡಿತು.

“ಇನ್ನೆಷ್ಟ್ ದಿವ್ಸ ಈ ಕಾಗೆ ಕಕ್ಕಸ್ಸು?” ಎಂದಳು ಹೆಂಡತಿ ಪೂಂಗೊಡಿ. “ಬಿಟ್ಟಿ ಅಕ್ಕಿ ತಿನ್ನೋಳು ಒಳಗವ್ಳೆ, ಕಾಸು ಕೊಟ್ಟು ತಂದ ಕಾರು ಬೀದೀಲೈತೆ. ನೀವೇನೋ ದೊಡ್ಡ ಸಯನ್ಸು ಓದಿದೀನಿ ಅಂತೀರ.”

ವಿಶ್ವನಾಥನ್ ಕಾಫಿ ಲೋಟ ಎತ್ತಿಕೊಂಡ. ಪಳನಿಯಮ್ಮನಿಗೆ ಸರ್ಕಾರದಿಂದ ಬರುವುದೆಲ್ಲ ಆತನಿಗೆ ಬಾಯಿಪಾಠವಾಗಿತ್ತು: ರೇಷನ್ ಅಕ್ಕಿ, ಮುದುಕರ ಪಿಂಚಣಿ, ಟೌನ್ ಬಸ್ಸಿನ ಬಿಟ್ಟಿ ಪ್ರಯಾಣ, ಪೊಂಗಲ್‌ಗೆ ಸೀರೆ. ಸೀರೆ ನೇಯುವವಳಿಗೆ ಸರ್ಕಾರ ಸೀರೆ ಕೊಡುವುದು ಆತನಿಗೆ ವಿಶೇಷವಾಗಿ ಉರಿಯುತ್ತಿತ್ತು. ಆತನ ಮನೆಗೂ ಎರಡು ತಿಂಗಳಿಗೊಮ್ಮೆ ನೂರು ಯೂನಿಟ್ ಕರೆಂಟು ಬಿಟ್ಟಿಯಾಗಿ ಬರುತ್ತಿತ್ತು. ಅದು ಬೇರೆ. ಅದಕ್ಕೆ ಕನ್ಸೆಷನ್ ಎಂದು ಹೆಸರು.

ಕಾಫಿ ಮುಗಿಯುವುದರೊಳಗೆ ಯೋಜನೆ ಸಿದ್ಧವಾಯಿತು. ಅದರ ಅಡಿಪಾಯ ಪೊಲೀಸರ ಬಗ್ಗೆ ಆತ ವರ್ಷಗಳಿಂದ ಗಮನಿಸಿದ್ದ ಒಂದು ಸಂಗತಿ. ಊರಲ್ಲಿ ಏನು ಕಳೆದರೂ ಅವರು ಮೊದಲು ಹೋಗುವುದು ಬಡವರ ಮನೆಗೆ. ದೇವಸ್ಥಾನದಲ್ಲಿ ಒಬ್ಬರ ಫೋನು ಕಳೆದಾಗ ಕಸ ಗುಡಿಸುವವಳನ್ನು ಇಡೀ ದಿನ ಕೂರಿಸಿದ್ದರು. ಫೋನು ಸಿಕ್ಕಿದ್ದು ಕಳೆದುಕೊಂಡವರ ಕಾರಿನ ಸೀಟಿನಡಿ. ಸರ ಕಳೆದಾಗ, ಬೈಕು ಕಳೆದಾಗ, ಒಮ್ಮೆ ನಾಯಿ ಕಳೆದಾಗಲೂ ಹೀಗೆಯೇ ಆಗಿತ್ತು. ನಾಲ್ಕು ಸಲ ಮಾಡಿದ ಪ್ರಯೋಗ ನಾಲ್ಕು ಸಲವೂ ಒಂದೇ ಫಲಿತಾಂಶ ಕೊಟ್ಟರೆ ಅದನ್ನು ನಿಯಮ ಎನ್ನಬಹುದು. ಕಾಲೇಜಿನಲ್ಲಿ ಹಾಗೆಯೇ ಕಲಿಸಿದ್ದರು.

ಇನ್ನೊಂದು ಅನುಕೂಲವೂ ಇತ್ತು. ಕಳ್ಳರು ಸಿಕ್ಕಿಬೀಳುವುದು ಕಳವಿನ ಹೊತ್ತಿನಲ್ಲಿ ಬಿಟ್ಟುಹೋದ ಗುರುತಿನಿಂದ. ಇಲ್ಲಿ ಕಳವೇ ನಡೆಯುವುದಿಲ್ಲ. ನಡೆಯದ ಕಳವಿನ ಗುರುತು ಎಲ್ಲಿಂದ ಬರಬೇಕು?

ಒಂದೊಂದನ್ನೇ ತೂಗಿ ನೋಡಿದ. ಅರ್ಧ ಕಿಲೊ ಅಂದರೆ ಪೊಲೀಸರು ಎದ್ದು ಬರುವುದಿಲ್ಲ, ಮೂರು ಕಿಲೊ ಸೆರಗಿನಡಿ ಹಿಡಿಸುವುದಿಲ್ಲ. ಆದ್ದರಿಂದ ಒಂದು ಕಿಲೊ. ಬಣ್ಣ ಅರಗಿನ ಕೆಂಪು, ಅಲ್ಲಿಯವರ ಬಾಯಲ್ಲಿ ಅರಕ್ಕು. ನೂಲು ನೇಯುವವಳ ಮನೆಯಲ್ಲಿ ಅರಕ್ಕು ರೇಷ್ಮೆಗೆ ಯಾವ ಸಮಜಾಯಿಷಿಯೂ ಇರದು. ಲಡಿಗಳ ಕಟ್ಟಿಗೆ ಆತನ ಕೈಯಿಂದಲೇ ಶಾಯಿಪೆನ್ನಿನಲ್ಲಿ ಬರೆದ ಕಾಗದದ ಚೀಟಿ ಇರುತ್ತಿತ್ತು: ಬಣ್ಣ, ತೂಕ, ತಾರೀಕು. ಅದನ್ನು ಹಾಗೆಯೇ ಬಿಡುವುದು. ಓದಲು ಬಾರದವಳು ಚೀಟಿ ಕೀಳುವಷ್ಟು ಯೋಚಿಸಲಾರಳು ಎಂದು ಪೊಲೀಸರು ತಾವೇ ಅಂದುಕೊಳ್ಳುತ್ತಾರೆ. ರೇಷ್ಮೆಯ ಮೇಲೆ ಆತನ ಬೆರಳಚ್ಚು ಇದ್ದರೂ ತೊಂದರೆಯಿಲ್ಲ, ಮಾಲು ಆತನದೇ.

ಹೊತ್ತು? ಹರೂರಿಗೆ ಹೊರಡುವ ಮುನ್ನ ಉಡುಗೊರೆಯ ಸೀರೆ ತೆಗೆಯಲು ಗೋದಾಮಿನ ಬಾಗಿಲು ತೆರೆದಿದ್ದು ನಿಜ. ಪಳನಿಯಮ್ಮ ಅಂಗಳ ಗುಡಿಸುತ್ತಿದ್ದುದೂ ನಿಜ. ಎರಡು ನಿಜಗಳ ನಡುವೆ ಒಂದು ಸುಳ್ಳು ಸಲೀಸಾಗಿ ಕೂರುತ್ತದೆ: ಅವಳು ಸೆರಗಿನಡಿ ಏನೋ ಹಿಡಿದು ಗೋದಾಮಿನಿಂದ ಬಂದುದನ್ನು ಕಂಡೆ, ಹೊರಡುವ ಗಡಿಬಿಡಿಯಲ್ಲಿ ಅನುಮಾನ ಬರಲಿಲ್ಲ. ಆರು ಗಂಟೆ ಅಂದರೆ ಅಂದಾಜಿನಂತೆ ಕೇಳಿಸುತ್ತದೆ. ಆರು ಹತ್ತು ಅಂದರೆ ಗಡಿಯಾರ ನೋಡಿದಂತಿರುತ್ತದೆ.

ಇಡುವ ಜಾಗಕ್ಕೇ ಹೆಚ್ಚು ಯೋಚಿಸಬೇಕಾಯಿತು. ಅಕ್ಕಿ ಡಬ್ಬಕ್ಕೆ ಅವಳು ದಿನಾ ಕೈ ಹಾಕುತ್ತಾಳೆ. ಟ್ರಂಕಿಗೆ ಬೀಗವಿದೆ. ಕೊನೆಗೆ ಹೊಳೆದದ್ದು ಮಗ್ಗದ ಗುಂಡಿ. ಅದರ ಗೋಡೆಯಲ್ಲಿ, ಕೂತವರ ಮೀನಖಂಡದ ಮಟ್ಟಕ್ಕೆ ಒಂದು ಗೂಡಿತ್ತು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಯಾಡುವಾಗ ಕಂಡದ್ದು. ಆಮೇಲೆ ಆತ ಆ ಗುಂಡಿಗೆ ಇಳಿದಿರಲಿಲ್ಲ. ಮಗ್ಗ ಬಿಟ್ಟು ವ್ಯಾಪಾರಕ್ಕೆ ಬಂದ ಮನೆತನದವರು ಮತ್ತೆ ಗುಂಡಿಗೆ ಇಳಿಯುವುದಿಲ್ಲ.

ಮರುದಿನ ಬೆಳಿಗ್ಗೆ 11.40ಕ್ಕೆ ಪಳನಿಯಮ್ಮ ಚೀಲ ಹಿಡಿದು ರೇಷನ್ ಅಂಗಡಿಗೆ ಹೊರಟಳು. ನೂಲು ಎಳೆದೆಳೆದು ಬೆರಳಿನ ಗೆರೆ ಸವೆದುಹೋದ ಅವಳನ್ನು ಅಲ್ಲಿಯ ಮೆಷಿನ್ನು ಬೇಗ ಒಪ್ಪುವುದಿಲ್ಲ. ಕನಿಷ್ಠ ಒಂದು ಗಂಟೆ.

“ಏನಪ್ಪಾ ಇಸ್ವನಾತಾ, ಅರೂರಲ್ಲಿ ಊಟ ಜೋರಾ?” ಎಂದಳು, ಎದುರಾಗಿ.

“ಜೋರಕ್ಕಾ. ನಿಂಗೇನು, ಕೂತಲ್ಲಿಗೇ ಅಕ್ಕಿ ಬರ್ತೈತೆ.”

“ಎಲ್ ಬತ್ತೈತೆ? ಆ ಮೆಸಿನ್ನು ನನ್ನ ಬೆಳ್ಳೇ ಇಲ್ಲ ಅಂತೈತೆ. ನೀನೊಂದ್ಸಲ ಬಂದು ಏಳು, ಈವಮ್ಮ ಬದ್ಕವ್ಳೆ ಅಂತ,” ಎಂದು ನಕ್ಕು ನಡೆದಳು.

ವಿಶ್ವನಾಥನ್ ಅಳತೆಯ ಟೇಪು ಹಿಡಿದು ಕೋಣೆಗೆ ಹೋದ. ತನ್ನ ಕಟ್ಟಡ ಅಳೆಯುವವನನ್ನು ಯಾರೂ ಕಳ್ಳ ಎನ್ನುವುದಿಲ್ಲ. ಅಗಲ ನಿಜಕ್ಕೂ ಅಳೆದ, ಎರಡೂವರೆ ಮೀಟರು. ಕಾರು ಆರಾಮಾಗಿ ಹಿಡಿಸುತ್ತದೆ. ಮಗ್ಗ ಸುಮ್ಮನೆ ನಿಂತಿತ್ತು, ಹಾಸಿನ ನೂಲಿನ ಮೇಲೆ ಹಳೆಯ ಪಂಚೆ ಹೊದಿಸಿತ್ತು. ವಾರದಿಂದ ಒಂದು ಗೇಣೂ ನೇಯ್ದಂತಿಲ್ಲ. ಸುಮ್ಮನೆ ಬಂದರೆ ಯಾರು ದುಡಿಯುತ್ತಾರೆ ಎಂದುಕೊಂಡು ಬಗ್ಗಿ, ಗೂಡಿಗೆ ಕೈಹಾಕಿದ. ಒರೆಸಿಟ್ಟಷ್ಟು ಶುಚಿಯಾಗಿತ್ತು. ರೇಷ್ಮೆ ಅಳತೆ ಕೊಟ್ಟು ಮಾಡಿಸಿದಂತೆ ಒಳಗೆ ಕೂತಿತು.

ಮೂರು ಗಂಟೆಗೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ರವಿಶಂಕರ್ ಎದ್ದು ಕುರ್ಚಿ ಎಳೆದರು. “ಉಕ್ಕಾರುಂಗ ಸಾರ್.” ಟೀ ಬಂತು. ದೂರನ್ನು ಅರ್ಧ ಓದಿ ಕೇಳಿದರು, ತಮಿಳಿನಲ್ಲಿ: “ಯಾವ ಕಾರ್ಡಿನವಳು?”

“ಅಕ್ಕಿ ಕಾರ್ಡು. ಪಿಂಚಣಿನೂ ಇದೆ.”

“ಅಷ್ಟು ಸಾಕು. ಬಿಟ್ಟಿ ತಿಂದು ರೂಢಿಯಾದ ಕೈ ಸುಮ್ಮನಿರಲ್ಲ ಸಾರ್.” ಉಳಿದ ಅರ್ಧ ಓದಲಿಲ್ಲ.

ನಾಲ್ಕು ಗಂಟೆಗೆ ಜೀಪು ಬಂತು. ಪೊಲೀಸರು ಅಕ್ಕಿ ಸುರಿದರು, ಟ್ರಂಕು ಮಗುಚಿದರು. ಗುಂಡಿಯೊಳಗೂ ನೋಡಿದರೆ ಒಳ್ಳೆಯದು ಎಂದು ವಿಶ್ವನಾಥನ್ ಮೆಲ್ಲಗೆ ಸೂಚಿಸಿದ. ರೇಷ್ಮೆ ಸಿಕ್ಕಿತು. ಹೊಸ ಕಾನೂನಿನಂತೆ ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿದರು. ಕೆಂಪು ಲಡಿಗಳು ಬಿಸಿಲಿಗೆ ಮಿರಿಮಿರಿ ಮಿಂಚಿದವು, ಚೀಟಿಯ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಂಡಿತು. ಬಾಗಿಲಲ್ಲಿ ನೆರೆದ ಬೀದಿಯವರು ಏನೋ ಗುಜುಗುಜು ಅಂದರು. ಒಬ್ಬ ಕಾನ್‌ಸ್ಟೇಬಲ್ ಲಾಠಿ ಬೀಸಿ ಎಲ್ಲರನ್ನೂ ಓಡಿಸಿದ. ಯಾರನ್ನೂ ಯಾರೂ ಏನೂ ಕೇಳಲಿಲ್ಲ. ನಿಯಮ ಐದನೇ ಸಲವೂ ನಿಂತಿತು.

ಠಾಣೆಯಲ್ಲಿ ಪಳನಿಯಮ್ಮನನ್ನು ನೆಲದ ಮೇಲೆ ಕೂರಿಸಿದರು.

“ಸಾಮಿ, ನಾನ್ ಎತ್ತಿಲ್ಲ. ಆ ಗುಂಡೀಲಿ ಮೂರ್ ದಿವ್ಸ—”

“ಮೂರಲ್ಲ, ಆರು ದಿನ,” ಎಂದರು ರವಿಶಂಕರ್. “ಲೆಕ್ಕ ನಾವು ಹಾಕ್ತೇವೆ.”

“ಅದಲ್ಲ ಸಾಮಿ, ಅದ್ರಾಗೆ ಯಾರಾದ್ರೂ ರೇಸ್ಮೆ ಇಡಕ್ಕೆ—”

“ವಾಯೆ ಮೂಡು!” ಬಾಯಿ ಮುಚ್ಚು ಎಂದದ್ದು ಠಾಣೆಯ ಹೊರಗಿನ ನಾಯಿಗೂ ಅರ್ಥವಾಯಿತು.

ಅವಳು ವಿಶ್ವನಾಥನ್ ಕಡೆ ತಿರುಗಿದಳು. “ಲೇ ಇಸ್ವಾ, ನೀನೂ ನೇಯೋರ ಮನೇಲಿ ಉಟ್ದೋನಲ್ವಾ? ಆ ಗುಂಡಿ ಎಂಗೈತೆ ಅಂತ ನಿಂಗೂ ಗೊತ್ತಿಲ್ವಾ? ನನ್ನ ಮಗ್ಗ ಓದ್ರೆ ನಾನೆಲ್ಲಿಗ್ಲಾ ಓಗ್ಲಿ?”

ಒಂದು ಕ್ಷಣ ವಿಶ್ವನಾಥನ್ ಟೀ ಲೋಟದ ತಳ ನೋಡಿದ. ಆಮೇಲೆ, ಜೈಲಿಗೇನೂ ಹೋಗಬೇಕಾಗಿಲ್ಲ, ಕೋಣೆ ಬಿಟ್ಟರೆ ತಾನೇ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದುಕೊಂಡು ಸಮಾಧಾನಪಟ್ಟುಕೊಂಡ. ತನ್ನ ಉದಾರತೆ ತನಗೇ ಹಿಡಿಸಿತು.

ಬರವಣಿಗೆಯ ಕಾನ್‌ಸ್ಟೇಬಲ್ ತಪ್ಪೊಪ್ಪಿಗೆ ಬರೆದು ಓದಿದ. ಅದು ಸಡಿಲವಾಗಿತ್ತು. ರೇಷ್ಮೆ ಕದ್ದೆ, ಮನೆಯಲ್ಲಿಟ್ಟೆ ಎಂದಷ್ಟೇ ಇತ್ತು. ಕದ್ದದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಆರು ದಿನ ಖಾಲಿ ಬಿದ್ದಿದ್ದವು. ಖಾಲಿ ಜಾಗದಲ್ಲಿ ವಕೀಲರು ನುಗ್ಗುತ್ತಾರೆ. ವಿಶ್ವನಾಥನ್ ವಿನಯದಿಂದ ಒಂದು ವಾಕ್ಯ ಹೇಳಿಕೊಟ್ಟ: “30ರ ಬೆಳಿಗ್ಗೆಯೇ ಅದನ್ನು ಮಗ್ಗದ ಗುಂಡಿಯ ಗೂಡಿನಲ್ಲಿಟ್ಟೆ. ಅಂದಿನಿಂದ ಪೊಲೀಸರು ತೆಗೆಯುವವರೆಗೆ ಅದನ್ನು ಅಲ್ಲಿಂದ ಕದಲಿಸಿಲ್ಲ.”

“ಬ್ಯೂಟಿಫುಲ್ ಸಾರ್,” ಎಂದರು ರವಿಶಂಕರ್. “ನೀವು ಡಿಪಾರ್ಟ್‌ಮೆಂಟಲ್ಲಿ ಇರಬೇಕಾಗಿತ್ತು.” ಕೆಳಗೆ ಪಳನಿಯಮ್ಮನ ಹೆಬ್ಬೆಟ್ಟು ಒತ್ತಿಸಿದರು. ಅದರ ಕೆಳಗೆ, ತನ್ನೆದುರೇ ಹೇಳಿದ್ದು ನಿಜ ಎಂದು, ವಿಶ್ವನಾಥನ್ ಸಾಕ್ಷಿಯಾಗಿ ಸಹಿ ಹಾಕಿದ.

ಮರುದಿನ, ಡಿಸೆಂಬರ್ 7, ಬೆಳಿಗ್ಗೆ 10.20ಕ್ಕೆ ಕೊನೆಯ ಕಾಗದಗಳಿಗೆ ಸಹಿ ಮಾಡಲು ಆತ ಠಾಣೆಯಲ್ಲಿ ಕೂತಿದ್ದಾಗ, ಊರಿನ ಗ್ರಾಮಾಡಳಿತ ಅಧಿಕಾರಿ ಮೇನಕಾ ಫೈಲು ಹಿಡಿದು ಒಳಗೆ ಬಂದಳು. ಮಳೆ ಪರಿಹಾರದ ಪಟ್ಟಿಯಲ್ಲಿ ನೇಕಾರರ ಬೀದಿಯ ಎಲ್ಲರ ಹೆಬ್ಬೆಟ್ಟೂ ಆಗಿದೆ, ಪಳನಿಯಮ್ಮನದೊಂದೇ ಬಾಕಿ, ಇಲ್ಲಿದ್ದಾರಂತೆ ಎಂದಳು. “ಇದಕ್ಕೊಂದು ಬಿಟ್ಟಿ ದುಡ್ಡು ಬೇರೆ,” ಎಂದು ಗೊಣಗಿ ರವಿಶಂಕರ್ ಪಟ್ಟಿ ಎಳೆದುಕೊಂಡರು. ಪಟ್ಟಿಗೆ ಫೋಟೊ ಲಗತ್ತಾಗಿತ್ತು. ಪ್ರತಿ ಮನೆಗೂ ತಾನೇ ಹೋಗಿ ಅಳತೆಕೋಲು ನಿಲ್ಲಿಸಿ ತೆಗೆದದ್ದು ಎಂದಳು ಮೇನಕಾ. “ಪಾಪ ಇವ್ರದೇ ಎಲ್ರಿಗಿಂತ ಜಾಸ್ತಿ ಸಾರ್. ಮಾರನೇ ದಿನವೆಲ್ಲಾ ಬಕೀಟಲ್ಲಿ ಮೊಗೆದು ಒರೆಸಿದ್ರು.” ಫೋಟೊದಲ್ಲಿ ಗುಂಡಿ ಇತ್ತು, ಕೋಲು ಇತ್ತು, ಮೂಲೆಯಲ್ಲಿ ದಿನಾಂಕ ಇತ್ತು. ಗೂಡು ಮಾತ್ರ ಕಾಣಿಸುತ್ತಿರಲಿಲ್ಲ. ರವಿಶಂಕರ್ ಫೋಟೊ ನೋಡಿದರು. ತಪ್ಪೊಪ್ಪಿಗೆಯ ಕೊನೆಯ ವಾಕ್ಯ ನೋಡಿದರು. ಮೇಜಿನ ಮೇಲಿನ ರೇಷ್ಮೆಯ ಚೀಟಿಯಲ್ಲಿ ಒಂದಿಷ್ಟೂ ಕದಡದ ನೀಲಿ ಶಾಯಿ ನೋಡಿದರು. ಕೊನೆಗೆ ವಿಶ್ವನಾಥನ್ ಮುಖ ನೋಡಿ, ಈ ಪ್ರಕರಣದಲ್ಲಿ ಮೊದಲ ಸಲ ಆತನ ಬಗ್ಗೆಯೇ ಒಂದು ಪ್ರಶ್ನೆ ಕೇಳಿದರು: “ಈ ವಾಕ್ಯ ಹೇಳಿಕೊಟ್ಟಿದ್ದು ನೀವೇ ಅಲ್ವಾ ಸಾರ್?” ವಿಶ್ವನಾಥನ್ ಕಣ್ಣು ಪಟ್ಟಿಯ ಮೇಲಿತ್ತು. ಡಿಸೆಂಬರ್ 3, ಮಂಗಳವಾರ, ಬೆಳಿಗ್ಗೆ 11.05, ಪಳನಿಯಮ್ಮ, ಮಗ್ಗದ ಗುಂಡಿಯಲ್ಲಿ ನಿಂತ ನೀರಿನ ಆಳ, 61 ಸೆಂಟಿಮೀಟರ್.