ಹಾರ್ನ್ ಇಲ್ಲದೆ ನಜರ್‌ಬಾದ್‌ವರೆಗೆ

ಆ ತಿಂಗಳಲ್ಲಿ ಮೂರನೇ ಸಲ ಸರ್ವಮಂಗಳಾ ನಜರ್‌ಬಾದಿನ ಆ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದಳು. ಚಂದ್ರಮೌಳಿ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ.

"ಏನ್ರೀ, ಮತ್ತೆ ಬಿಸಿ ಗಾಳೀನಾ?"

"ಹ್ಞೂಂ ಕಣ್ರೀ. ಅಗ್ರಹಾರದಿಂದ ಇಲ್ಲಿಗೆ ಬರೋಷ್ಟರಲ್ಲಿ ಬೆಂದೋದೆ."

ಬೆಂದದ್ದು ನಿಜ, ಏಪ್ರಿಲ್ ಬಿಸಿಲು ಹಾಗಿತ್ತು. ಆದರೆ ಕಾರಣ ಅವಳ ಹ್ಯಾಂಡ್‌ಬ್ಯಾಗಿನಲ್ಲಿತ್ತು. ಕರ್ಚೀಫಿನಲ್ಲಿ ಸುತ್ತಿಟ್ಟ, ಅರ್ಧ ಬೆಂಕಿಪೊಟ್ಟಣದಷ್ಟಿರುವ ಒಂದು ಕರಿ ರಿಲೇ, ಕರೆಂಟಿನ ಸ್ವಿಚ್ಚಿನಂಥದ್ದು. ಅದಿಲ್ಲದಿದ್ದರೆ ಕಂಪ್ರೆಸರ್ ತಿರುಗುವುದಿಲ್ಲ, ಎ.ಸಿ. ಬರೀ ಬಿಸಿ ಗಾಳಿ ಊದುತ್ತದೆ. ಎದುರುಮನೆಯವರು ರಂಗೋಲಿ ಮುಗಿಸಿ ಒಳಗೆ ಹೋಗುವುದನ್ನೇ ಕಾದು, ಬಾನೆಟ್ ಎತ್ತಿ, ಅವಸರದಲ್ಲಿ ಅವಳೇ ಅದನ್ನು ಕಿತ್ತಿದ್ದಳು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರ ಕೆಲಸದ ತಪ್ಪು ಹುಡುಕುವ ಮೂವತ್ತಮೂರರ ಹೆಂಗಸು, ತನ್ನ ಕಾರನ್ನು ತಾನೇ ಕೆಡಿಸಿಕೊಂಡು ಬಂದಿದ್ದಳು. ನಾಚಿಕೆಯೇನೋ ಆಯಿತು. ಬೇರೆ ನೆಪ ಹೊಳೆದಿರಲಿಲ್ಲ.

ಮೊದಲ ಸಲದ ಬಿಸಿ ಗಾಳಿ ಮಾತ್ರ ಅಪ್ಪಟ ನಿಜ. ಅಪ್ಪನ ಹಳೇ ಕಾರು, ಪೈಪಿನ ಸಂದಿಯಲ್ಲಿ ಗ್ಯಾಸ್ ಸೋರಿಹೋಗಿತ್ತು. ಎ.ಸಿ. ರಿಪೇರಿಗೆ ಇದೇ ಒಳ್ಳೆಯ ಜಾಗ ಎಂದು ಯಾರೋ ಹೇಳಿದರೆಂದು ಬಂದರೆ, ಎದುರಿಗೆ ನಿಂತಿದ್ದವನು ಪಾಲಿಟೆಕ್ನಿಕ್ಕಿನ ಮೌಳಿ! ಹದಿನಾಲ್ಕು ವರ್ಷವಾಗಿತ್ತು. ಕೆನ್ನೆ ತುಂಬಿಕೊಂಡಿತ್ತು, ಕಿವಿಯ ಪಕ್ಕ ಎರಡು ಬಿಳಿ ಕೂದಲು. ನಗುವಾಗ ಎಡಗಣ್ಣು ಮಾತ್ರ ಸಣ್ಣದಾಗುವುದು ಹಾಗೇ ಇತ್ತು. "ಚೆನ್ನಾಗಿದೀರಾ?" ಎಂದ. "ಚೆನ್ನಾಗಿದೀನಿ, ನೀವು?" ಎಂದಳು. ಒಂದೇ ಪೊಟ್ಟಣದ ಚುರುಮುರಿಗೆ ಜಗಳವಾಡಿದ್ದವರು ಅಷ್ಟು ಮರ್ಯಾದೆಯಿಂದ ಮಾತಾಡಿಕೊಂಡರು.

ಈ ರಿಲೇ ವಿದ್ಯೆಯನ್ನು ಕಲಿಸಿದವನೂ ಅವನೇ. ಕೊನೆಯ ವರ್ಷದ ಏಪ್ರಿಲ್, ಕಾಲೇಜಿನ ಗೇಟಿನ ಹತ್ತಿರ ಗುಲ್‌ಮೊಹರ್ ನೆರಳು, ಇದೇ ಕಾರು. ಅವತ್ತೂ ಎ.ಸಿ. ಕೈಕೊಟ್ಟಿತ್ತು.

"ಗಾಬರಿ ಬೀಳ್ಬೇಡ ಮಂಗಳಾ. ಬಿಸಿ ಗಾಳಿ ಬಂದ್ರೆ ಮೊದ್ಲು ರಿಲೇ ನೋಡು. ಪಕ್ಕದಲ್ಲಿರೋದು ಹಾರ್ನಿಂದು, ಎರಡೂ ಒಂದೇ ಥರ. ಅದನ್ನ ಕಿತ್ತು ಇಲ್ಲಿ ಹಾಕು. ತಣ್ಣಗಾಯ್ತಾ, ಎ.ಸಿ. ರಿಲೇ ಹೋಗಿದೆ ಅಂತ ಅರ್ಥ."

ಹೇಳುತ್ತಿದ್ದವನ ಮೂಗಿನ ತುದಿಯಲ್ಲಿ ಒಂದು ಬೆವರಹನಿ ಬೀಳಲೋ ಬೇಡವೋ ಎಂದು ನಿಂತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಪಾಠ ಅರ್ಧವೇ ತಲೆಗೆ ಹೋಯಿತು.

ಪರೀಕ್ಷೆ ಮುಗಿದ ವಾರವೇ ಅವನ ಅಪ್ಪ ತೀರಿಕೊಂಡರು. ಅವನು ಗ್ಯಾರೇಜ್ ಹಿಡಿದ, ಅವಳು ಕೆಲಸ ಸಿಕ್ಕಿ ಹೊಸೂರಿಗೆ ಹೋದಳು, ಊರಿಗೆ ಮರಳಿದ್ದು ಈಚೆಗೆ. ಇಬ್ಬರ ಬಾಯಲ್ಲೂ ಇದ್ದ ಮಾತು ಬಾಯಲ್ಲೇ ಉಳಿಯಿತು. ಬಂದ ಗಂಡುಗಳನ್ನೆಲ್ಲ ಏನೋ ಒಂದು ಕೊಂಕು ತೆಗೆದು ಕಳಿಸಿದಳು. ಯಾಕೆ ಎಂದು ತನ್ನನ್ನು ತಾನು ಎಂದೂ ಕೇಳಿಕೊಳ್ಳಲಿಲ್ಲ, ಉತ್ತರ ಗೊತ್ತಿತ್ತು.

ಗ್ಯಾಸ್ ತುಂಬಿದ ದಿನ ಅವನು, "ಒಂದು ವಾರ ಬಿಟ್ಟು ಚೆಕ್ ಮಾಡಿಸ್ಕೊಳ್ಳಿ" ಎಂದಿದ್ದ. ಅದೇ ಎರಡನೇ ಭೇಟಿ. ಅವತ್ತೇ ತಲೆ ತಗ್ಗಿಸಿಕೊಂಡು ಹೇಳಿದ್ದ: "ಬರೋ ಭಾನುವಾರ ವಿಜಯನಗರಕ್ಕೆ ಹೆಣ್ಣು ನೋಡೋಕೆ ಹೋಗ್ಬೇಕು. ಅಮ್ಮನ ಹಠ. ಈ ಸಲ ಒಪ್ಕೊಂಡ್ಬುಡೋಣ ಅಂತಿದೀನಿ."

ಇವತ್ತು ಶುಕ್ರವಾರ. ಅವನು ರಿಲೇ ಕಾಣದೆ ತಡಕಾಡುವ ಅರ್ಧ ಗಂಟೆಯಲ್ಲಿ ಹೇಳಬೇಕಾದದ್ದನ್ನು ಹೇಳಿಬಿಡಬೇಕು ಎಂದು ಅವಳು ತೀರ್ಮಾನಿಸಿಕೊಂಡು ಬಂದಿದ್ದಳು.

ಅವನು ಸ್ಟೀರಿಂಗ್ ಮುಂದೆ ಕೂತ. ಅವಳು ಪಕ್ಕದಲ್ಲಿ. ಗಾಜು ಏರಿಸಿ ಎ.ಸಿ. ಹಾಕಿ, ಅಂಗೈಯ ಹಿಂಭಾಗವನ್ನು ಗಾಳಿಗೆ ಹಿಡಿದು ಕಣ್ಣು ಮುಚ್ಚಿದ. ಯಾವ ಕಾರಾದರೂ ಅವನು ಗಾಳಿ ನೋಡುವ ರೀತಿ ಅದೇ. ರೆಪ್ಪೆಯ ಮೇಲೆ ಸಣ್ಣದಾಗಿ ಗ್ರೀಸ್ ಮೆತ್ತಿತ್ತು. ಒರೆಸಬೇಕೆನಿಸಿ ಅವಳು ಬೆರಳು ಮಡಚಿಕೊಂಡಳು.

ಒಂದು ನಿಮಿಷವಾಯಿತು. ಅವಳ ಕುತ್ತಿಗೆಗೆ ತಣ್ಣನೆಯ ಗಾಳಿ ಬಡಿಯಿತು. ತಟ್ಟನೆ ಹ್ಯಾಂಡ್‌ಬ್ಯಾಗ್ ಮುಟ್ಟಿ ನೋಡಿಕೊಂಡಳು, ರಿಲೇ ಅಲ್ಲೇ ಇತ್ತು.

ಅವನು ಒಂದೇ ಕಣ್ಣು ತೆರೆದ. "ಇದು ಊಟಿ ಗಾಳಿ ಕಣ್ರೀ."

"ಅದು... ಈಗ ಸರಿಹೋಯ್ತೇನೋ."

"ಬರ್ತಾ ಎ.ಸಿ. ಹಾಕಿದ್ರಾ?"

"ಇಲ್ಲ. ಹೆಂಗೂ ಬರಲ್ವಲ್ಲ ಅಂತ."

ಹೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಅವನು ಅವಳ ಮುಖವನ್ನೇ ನೋಡುತ್ತಾ ಹಾರ್ನ್ ಒತ್ತಿದ. ಸದ್ದೇ ಇಲ್ಲ. ಇನ್ನೊಮ್ಮೆ ಒತ್ತಿದ. ಎಡಗಣ್ಣು ಮೆಲ್ಲಗೆ ಸಣ್ಣದಾಯಿತು.

"ದಾರೀಲಿ ಹಾರ್ನ್ ಹೊಡೀಲಿಲ್ವಾ?"

"ಸರ್ಕಲ್ಲಲ್ಲಿ ಒತ್ತಿದೆ, ಬರ್ಲಿಲ್ಲ. ಹಳೇ ಕಾರಲ್ವಾ ಅಂದ್ಕೊಂಡೆ."

ಅವನು ಅಂಗೈ ಚಾಚಿದ. "ಕೊಡಿ."

"ಏನು?"

"ಹಾರ್ನ್ ರಿಲೇ. ಎ.ಸಿ.ದು ಅಂತ ಕಿತ್ಕೊಂಡು ಬಂದಿದೀರಲ್ಲ, ಅದು."

ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಇಲ್ಲವೆನ್ನಬಹುದಿತ್ತು, ನಗಬಹುದಿತ್ತು. ಭಾನುವಾರ ನೆನಪಾಯಿತು. ಕರ್ಚೀಫು ಬಿಚ್ಚಿ ರಿಲೇಯನ್ನು ಅವನ ಅಂಗೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಭಾನುವಾರ ಹೋಗ್ಬೇಡ ಮೌಳಿ. ನಂಗೆ ಆವಾಗ್ಲೂ ನೀನಂದ್ರೆ ಇಷ್ಟ, ಈಗ್ಲೂ ಅಷ್ಟೇ. ಹೇಳೋಕೆ ಬೇರೆ ದಾರಿ ಗೊತ್ತಾಗ್ಲಿಲ್ಲ."

ಅವನು ರಿಲೇ ಸಮೇತ ಅವಳ ಬೆರಳು ಹಿಡಿದುಕೊಂಡ. "ಗ್ಯಾಸ್ ತುಂಬಿ ವಾರಕ್ಕೆ ಚೆಕ್ ಮಾಡಿಸ್ಬೇಕು ಅಂದಿದ್ನಲ್ಲ? ಅಂಥಾದ್ದೇನೂ ಇಲ್ಲ ಕಣೇ. ಯಾರಿಗೂ ಹಂಗೆ ಹೇಳಲ್ಲ ನಾನು."

ಅವಳು ಬೆರಗಾಗಿ ನೋಡುತ್ತಿರುವಾಗಲೇ ಅವನು ಫೋನ್ ತೆಗೆದ. "ಅಮ್ಮ, ವಿಜಯನಗರದವ್ರಿಗೆ ಬರಲ್ಲ ಅಂತ ಈಗ್ಲೇ ಹೇಳ್ಬುಡು."

ಅವನ ಅಮ್ಮ ಪುಟ್ಟಬಸಮ್ಮನ ಗಂಟಲು ಕಾರಿನ ತುಂಬ ಕೇಳಿಸಿತು. "ಮತ್ತೆ ಶುರುವಾಯ್ತೇನೋ? ಹೆಣ್ಣು ನೋಡಲ್ಲ ಅಂತೀಯಾ?"

"ಯಾರು ಅಂದ್ರು? ಭಾನುವಾರ ಅಗ್ರಹಾರಕ್ಕೆ ಹೋಗೋಣ."

ಆ ಕಡೆಯ ದನಿ ಮೆತ್ತಗಾಯಿತು. "ಯಾರ್ಲಾ, ನಿನ್ನ ಮಂಗಳಾನೇನೋ? ಸಿಕ್ಕಿದ್ಲಾ?"

ಸರ್ವಮಂಗಳಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹದಿನಾಲ್ಕು ವರ್ಷವೂ ತನ್ನ ಹೆಸರು ಆ ಮನೆಯಲ್ಲಿ ಇತ್ತೆಂಬುದು ಅವಳಿಗೆ ಈಗಷ್ಟೇ ತಿಳಿಯಿತು. ಕಣ್ಣು ತುಂಬಿ ಬಂತು.

"ಸಿಕ್ಕಿದ್ಲು ಕಣಮ್ಮ" ಎಂದು ಅವನು ಫೋನಿಟ್ಟ. ಬಾನೆಟ್ ಎತ್ತಿ ರಿಲೇ ಕೂರಿಸಿ, ಅಲ್ಲಿಂದಲೇ ಕೂಗಿದ. "ಒತ್ತು ನೋಡೋಣ!"

ಅವಳು ಒತ್ತಿದಳು. ಬೀದಿಯವರೆಲ್ಲ ತಿರುಗಿ ನೋಡಿದರು. ಅವಳು ಕೈ ತೆಗೆಯಲೇ ಇಲ್ಲ.