ನೆಲ ಬಿಟ್ಟ ಚಕ್ರ

"ಮೂರೇ ಚಕ್ರ ಎತ್ತಿ. ನಾಲ್ಕನೇದು ನೆಲದ ಮೇಲೇ ಇರ್ಲಿ," ಎಂದರು ಅತ್ತೆ. ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು, ಒಳಗೆ ಕಾಲಿಡಲಿಲ್ಲ.

ಅಳಿಯ ತಲೆ ಎತ್ತಲಿಲ್ಲ. ಅವನಿಗೆ ಸುಸ್ತು. ಹೆಂಡತಿಗೆ ಹೃದಯದ ಆಪರೇಶನ್ ಆಗಿ, ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿನ ಮೇಲೆ ಬೆನ್ನು ಸವೆಸಿ, ಮೊನ್ನೆಯಷ್ಟೇ ಅವಳನ್ನು ತವರಿಗೆ ಕರೆತಂದು, ಶೆಡ್ಡಿನ ಮೇಲಿನ ಕೋಣೆಗೆ ಎತ್ತಿಕೊಂಡೇ ಹೋಗಿ ಮಲಗಿಸಿದ್ದ. ಮೆಟ್ಟಿಲು ಹತ್ತಿಳಿಯುವುದೂ ಕೂಡದು, ಆಯಾಸವಾದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಇದರ ಮಧ್ಯೆ, ತೀರಿಹೋದ ಮಾವನ ಕೆಂಪು ಸ್ಪೋರ್ಟ್ಸ್ ಕಾರನ್ನು ಚಳಿಗಾಲ ಮುಗಿಯುವ ತನಕ ಜೋಪಾನವಾಗಿ ಎತ್ತಿಡುವ ಕೆಲಸವೂ ಇವನ ತಲೆಗೇ ಬಿತ್ತು.

"ಯಾಕತ್ತೆ, ನಾಲ್ಕನೇದು ಏನು ಪಾಪ ಮಾಡಿದೆ? ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆ ಆಗುತ್ತೆ."

"ಆಗ್ಲಿ. ನಿಮ್ಮ ಮಾವ ಪ್ರತಿ ವರ್ಷ ಆ ಟೈರು ಬದಲಾಯಿಸ್ತಿದ್ರು."

ಆಮೇಲೆ ಗೋಡೆ ನೋಡುತ್ತಾ ಹೇಳಿದರು. ಕಾರು ಹೊಸದಿದ್ದಾಗ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ರಸ್ತೆಯಲ್ಲಿ ಕೈ ಅಡ್ಡ ಹಿಡಿದಳಂತೆ. ಸೀಟು ಗಲೀಜಾದೀತೆಂದು ಮಾವ ನಿಲ್ಲಿಸಲಿಲ್ಲ. ಅವಳು ಆಸ್ಪತ್ರೆಗೆ ನಡೆದೇ ಹೋದಳು. ಮಗು ದಾರಿಯಲ್ಲೇ ಹೋಯಿತು. ಮನೆ ಹುಡುಕಿಕೊಂಡು ಬಂದ ಅವಳು, ಅಂಗಳದಲ್ಲಿ ಚಕ್ರ ಊರಿದ್ದ ಕಡೆಯಿಂದ ಒಂದು ಹಿಡಿ ಮಣ್ಣು ಬಗೆದು, ಮಗುವಿನ ಕೂದಲಿನ ಜೊತೆ ಗಂಟು ಕಟ್ಟಿ, ಅದೇನೋ ಮಣಮಣ ಜಪಿಸಿ ಹೇಳಿದಳಂತೆ: "ಈ ಗಾಡಿ ನೆಲ ಬಿಟ್ಟು ಆರಾಮಾಗಿ ಕೂತ ದಿನ ನಿನ್ನ ರಕ್ತ ಹಂಚಿಕೊಂಡೋರು ನಡೀಬೇಕು. ಬಿದ್ದು ಸಾಯೋವರೆಗೂ ನಡೀಬೇಕು." ಆ ಚಳಿಗಾಲ ಮಾವ ನಾಲ್ಕೂ ಚಕ್ರ ಎತ್ತಿಟ್ಟರು. ಅವರ ತಂಗಿ ನಿದ್ದೆಯಲ್ಲೇ ಎದ್ದು ಹೊರಟವಳು ಊರಾಚೆ ಹೆಣವಾಗಿ ಸಿಕ್ಕಳು.

"ಮಾರಿಬಿಡ್ಬೇಕಿತ್ತು."

"ಕೊಂಡೋರು ಎತ್ತಿಟ್ರೂ ನಡೆಯೋರು ನಮ್ಮೋರೇ ಅಲ್ವಾ?"

"ನಿದ್ದೇಲಿ ನಡೆಯೋದು ಒಂದು ಕಾಯಿಲೆ ಅತ್ತೆ. ಅದಕ್ಕೆ ಮಾತ್ರೆ ಬಂದಿದೆ. ಹೋಗಿ, ಅವಳಿಗೆ ಗಂಜಿ ಕೊಡಿ."

ಅವನು ಲಿಫ್ಟ್ ರಿಪೇರಿಯವನು. ಕರೆಂಟಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎಂಬುದು ಅವನ ನಂಬಿಕೆ. ಆ ನಂಬಿಕೆಯಿಂದಲೇ ಈವರೆಗೆ ಹೊಟ್ಟೆ ತುಂಬಿತ್ತು, ತಪ್ಪೆನ್ನಲಾಗದು.

ಕಾರು ತೊಳೆದ. ಒರೆಸಿದ. ಹಳೇ ಆಯಿಲ್ ಇಳಿಸಿ ಹೊಸದು ತುಂಬಿದ. ಇಲಿ ಹೊಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದ, ಸೀಟಿನಡಿ ನುಸಿಗುಳಿಗೆ ಚೆಲ್ಲಿದ. ಬ್ಯಾಟರಿ ಬಿಚ್ಚಿ ಮೂಲೆಯ ಹಲಗೆಯ ಮೇಲಿಟ್ಟ. ಜಾಕ್ ಹಾಕಿ ಒಂದೊಂದೇ ಚಕ್ರ ಎತ್ತಿ, ಅಡಿಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟ. ಹಿಂದಿನ ಎಡಚಕ್ರವೊಂದು ಉಳಿಯಿತು. ಮುದುಕಿಯ ಮಾತು ಕೇಳಿ ಒಳ್ಳೇ ಟೈರು ಹಾಳುಮಾಡುವುದೇ? ಅದನ್ನೂ ಎತ್ತಿದ. ಹೊದಿಕೆ ಎಳೆದು, ಬಕೆಟ್ ಬೋರಲು ಹಾಕಿ ಕೂತ. ಕೂತಲ್ಲೇ ಕಣ್ಣು ಹತ್ತಿತು.

ಎಚ್ಚರವಾದಾಗ ಕತ್ತಲು ಕವಿಯುತ್ತಿತ್ತು. ನುಸಿಗುಳಿಗೆಯ ಘಾಟಿನ ನಡುವೆ ಬೇರೊಂದು ವಾಸನೆ. ಹಸಿಮಣ್ಣು. ಅದರೊಳಗೆ ಜ್ವರ ಬಂದ ಮಗುವಿನ ಬೆವರು. ಹೊದಿಕೆಯ ಕೆಳಗೆ ಏನೋ ಸರ್ರನೆ ಉಜ್ಜುತ್ತಿತ್ತು.

ತಲೆಯ ಮೇಲೆ ಹೆಜ್ಜೆ ಸಪ್ಪಳ.

ಎದ್ದಳಾ? ನೀರು ಕುಡಿಯೋಕಿರಬೇಕು ಎಂದುಕೊಂಡ. ಸಪ್ಪಳ ನಿಲ್ಲಲಿಲ್ಲ. ಗೋಡೆಯಿಂದ ಗೋಡೆಗೆ. ಮತ್ತೆ ಗೋಡೆಗೆ. ಬಿರುಸಾಗುತ್ತಾ ಬಂತು.

ಮೆಟ್ಟಿಲು ಹಾರಿಕೊಂಡು ಓಡಿದ. ಅವಳ ಕಣ್ಣು ಮುಚ್ಚಿತ್ತು, ತುಟಿ ನೀಲಿಗಟ್ಟಿತ್ತು. ತಬ್ಬಿ ಹಿಡಿದರೆ ಅವನನ್ನೇ ಎಳೆದುಕೊಂಡು ನಡೆದಳು. ಅವಳ ಎದೆಬಡಿತ ಅವನ ಎದೆಗೆ ಗುದ್ದುತ್ತಿತ್ತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡವಳು.

ಬಾಗಿಲಲ್ಲಿ ಅತ್ತೆ. "ಎತ್ತಿದ್ರಾ?"

ಅವನು ತಲೆ ತಗ್ಗಿಸಿದ. ಅವರು ಬೈಯಲಿಲ್ಲ. ಮಗಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಶೆಡ್ಡಿಗೆ ಇಳಿದ ಅವನ ಹಿಂದೆಯೇ ಓಡಿಬಂದರು.

ಹೊದಿಕೆ ಕಿತ್ತೆಸೆದ. ಎಡಚಕ್ರ ತಿರುಗುತ್ತಿತ್ತು. ಬ್ಯಾಟರಿ ಮೂಲೆಯಲ್ಲಿ. ಇಂಜಿನ್ ತಣ್ಣಗೆ. ಚಕ್ರ ಮಾತ್ರ ಗಿರಗಿರ.

ಜಾಕ್ ಕೊಟ್ಟ. ಸ್ಟ್ಯಾಂಡು ಒದ್ದ. ಚಕ್ರ ನೆಲಕ್ಕಿಳಿಯಲೆಂದು ಜಾಕಿನ ತಿರುಪು ಸಡಿಲಿಸಿದ. ತಿರುಗುವ ಟೈರು ನೆಲ ಸವರಿದ್ದೇ ತಡ, ಕಾರು ಮುಂದಕ್ಕೆ ಜಿಗಿಯಿತು. ಉಳಿದ ಸ್ಟ್ಯಾಂಡುಗಳು ಕಿರುಗುಟ್ಟಿ ವಾಲಿದವು. ಗಾಬರಿಯಿಂದ ಮತ್ತೆ ಎತ್ತಿದ. ಹಲಗೆ ತುಂಡು ಒಡ್ಡಿದ. ಅದು ಚೂರಾಗಿ ಸಿಡಿಯಿತು.

ಮೇಲೆ ಹೆಜ್ಜೆ ಎಡವಿತು. ಮತ್ತೆ ನಡೆಯಿತು.

ನೆಲದಲ್ಲಿ ಮಲಗಿ ಎರಡೂ ಕೈಯಿಂದ ಟೈರನ್ನು ಬಾಚಿ ಹಿಡಿದ. ಅಂಗೈ ಸುಲಿಯಿತು. ಬಿಡಲಿಲ್ಲ. ಚಕ್ರ ನಿಂತಿತು. ಮೇಲಿನ ಹೆಜ್ಜೆಯೂ ನಿಂತಿತು.

"ಅತ್ತೆ, ಆ ತಿರುಪು ತಿರುಗಿಸಿ. ಎಡಕ್ಕೆ. ನಿಧಾನ."

"ನಿಮ್ಮ ಕೈ..."

"ತಿರುಗಿಸಿ!"

ಚಕ್ರ ಇಳಿಯಿತು. ಕೊನೆಗಳಿಗೆಯಲ್ಲಿ ಕೈ ಹಿಂದೆಗೆದ. ತಕ್ಷಣ ಟೈರು ಮಿಸುಕಿತು, ಮೇಲೊಂದು ಹೆಜ್ಜೆ ಬಿತ್ತು. ಬಲಗೈಯನ್ನು ಮತ್ತೆ ಅಡಿಗೆ ತೂರಿಸಿ ಹಿಡಿದ. ಈ ಸಲ ತೆಗೆಯಲಿಲ್ಲ.

ಕಾರಿನ ಭಾರ ಕೂತಿತು. ಎಲುಬು ಲಟಲಟ ಮುರಿಯಿತು. ಬೆರಳುಗಳನ್ನು ಅರೆದು ಟೈರು ನೆಲ ಮುಟ್ಟಿತು.

ಮೇಲೆ ಮಂಚ ಕಿರುಗುಟ್ಟಿತು. ಅವಳು ಮಲಗಿದ್ದಳು.

ಅತ್ತೆ ಅಳುತ್ತಾ ಜಾಕಿನ ಹಿಡಿಗೆ ಕೈ ಹಾಕಿದರು. "ಎತ್ತಿಬಿಡ್ತೀನಿ ಅಳಿಯಂದಿರೇ, ಕೈ ತಗೊಳ್ಳಿ."

"ಎತ್ತಬೇಡಿ! ಮತ್ತೆ ನೆಲ ಬಿಡುತ್ತೆ." ಹಲ್ಲು ಕಚ್ಚಿ ಉಸಿರೆಳೆದುಕೊಂಡ. "ಜಾಕನ್ನ ಮುಂದಿನ ಚಕ್ರಕ್ಕೆ ತಳ್ಳಿಕೊಂಡು ಹೋಗಿ. ಮೊದಲು ಅದನ್ನ ನೆಲಕ್ಕೆ ಇಳಿಸಬೇಕು. ಆಮೇಲೆ ಇದನ್ನ ಎತ್ತೋದು."

"ನನಗೆ ಬರಲ್ವಲ್ಲಾ!"

"ಹೇಳಿಕೊಡ್ತೀನಿ."

ಜಾಕು ಭಾರ. ಅತ್ತೆಯ ಕೈಗೆ ಕಸುವಿಲ್ಲ. ಅದು ಒಂದು ಗೇಣು ಸರಿಯಿತು, ನಿಂತಿತು. ಅವನ ಬೆರಳುಗಳ ನೋವು ಆಗಲೇ ಇಲ್ಲವಾಗುತ್ತಿತ್ತು. ಹಾಗೆ ನೋವು ಹೋಗುವುದು ಒಳ್ಳೆಯದಲ್ಲ ಎಂದು ಅವನಿಗೆ ಗೊತ್ತಿತ್ತು.

ಮೇಲಿನಿಂದ ಹೆಂಡತಿಯ ದನಿ ಬಂತು. ನಿದ್ದೆಗಣ್ಣಿನ ದನಿ. "ರೀ... ಏನದು ಸದ್ದು? ನಾನು ಬರ್ಲಾ?"

ಅವನು ಒಮ್ಮೆ ಗಂಟಲು ಸರಿಪಡಿಸಿಕೊಂಡ.

"ಏನಿಲ್ಲ ಕಣೇ, ನೀನು ಮಲಕ್ಕೋ. ನಾನೂ ಅತ್ತೆ ಕಾರು ಸರಿಮಾಡ್ತಿದ್ದೀವಿ. ಇನ್ನೇನು ಮುಗೀತು."