ಹಳೆಯ ಸರ್ವರಿನಲ್ಲಿ ಉಳಿದದ್ದು

ಆಷಾಢದ ಗಾಳಿಗೆ ಅಂಗಡಿಯ ಷಟರು ಬಡಿದುಕೊಳ್ಳುತ್ತಿದ್ದ ಒಂದು ಬೆಳಿಗ್ಗೆ ಶಾಂತಲಾ ನಮ್ಮ ಬಾಗಿಲಿಗೆ ಬಂದಳು. ಎರಡು ಸಾವಿರದ ಹದಿಮೂರನೆಯ ಇಸವಿ. ಆರ್.ಟಿ. ನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅದರ ಮೇಲಿನ ಮನೆಯಲ್ಲಿ ಕಟ್ಟಡದ ಒಡತಿ ನೀಲಕ್ಕ ಇದ್ದರು. ಅಂಚೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ, ಕಳುವಾದ ಪಾರ್ಸೆಲ್ಲು, ಬಿಚ್ಚಿ ಮತ್ತೆ ಅಂಟಿಸಿದ ಲಕೋಟೆ, ಸತ್ತವರ ಹೆಸರಿನಲ್ಲಿ ಬಿದ್ದ ಸಹಿ, ಇಂಥವುಗಳ ಬೆನ್ನು ಹತ್ತಿಯೇ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಜನ ಅವರನ್ನು ಬಿಡಲಿಲ್ಲ. ಬಂದವರೆಲ್ಲ ಮೊದಲು ನನ್ನ ಅಂಗಡಿಯಲ್ಲಿ ದಾರಿ ಕೇಳುತ್ತಿದ್ದರು. ಕನ್ನಡಕ ಮಾತ್ರ ಒಬ್ಬರೂ ಕೊಳ್ಳುತ್ತಿರಲಿಲ್ಲ. ನಾನು ಆನಂದಪ್ಪ. ನೀಲಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತುವುದು, ಬೈಸಿಕೊಳ್ಳುವುದು, ಆಮೇಲೆ ಎಲ್ಲವನ್ನೂ ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ.

ಶಾಂತಲಾ ಕುರ್ಚಿಯ ತುದಿಯಲ್ಲಿ ಕೂತು, ಅಳದೆ, ನಡೆದದ್ದನ್ನು ಹೇಳಿದಳು. ಅವಳ ಗಂಡ ಅಶ್ವತ್ಥ್ ಯಶವಂತಪುರದ ಒಂದು ಲಿಫ್ಟ್ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದ. ಯುಗಾದಿ ಕಳೆದ ಮೇಲೆ ಹೆಬ್ಬಾಳದ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಹಿಡಿತ ತಪ್ಪಿ ಅಪ್ಪಳಿಸಿತು. ಒಳಗಿದ್ದವರು ಇಬ್ಬರೇ: ಅಶ್ವತ್ಥ್, ಮತ್ತು ಅಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದ ಲಕ್ಕಮ್ಮ. ಇಬ್ಬರೂ ಉಳಿಯಲಿಲ್ಲ. ಲಕ್ಕಮ್ಮ ಬಾಗಲಗುಂಟೆಯಲ್ಲಿ ಶಾಂತಲಾಳ ಬೀದಿಯವಳೇ. ಆ ಮನೆಗೆಲಸ ಕೊಡಿಸಿದವನೂ ಅಶ್ವತ್ಥನೇ. ಬ್ರೇಕ್ ಸವೆದದ್ದನ್ನು ಅವನು ನೋಡಿಕೊಳ್ಳಲಿಲ್ಲ, ಯಾರಿಗೂ ತಿಳಿಸಲೂ ಇಲ್ಲ ಎಂದು ಕಂಪನಿಯವರು ಹೇಳಿದರು. ಪೊಲೀಸರು ಹಾಗೆಯೇ ಬರೆದುಕೊಂಡರು. ಅಂದಿನಿಂದ ಬೀದಿಯಲ್ಲಿ ಯಾರೂ ಅವಳನ್ನು ಮಾತಾಡಿಸುವುದಿಲ್ಲ. ಮಗಳನ್ನು ಸ್ಕೂಲಿನಲ್ಲಿ ಕೊಲೆಗಾರನ ಮಗಳು ಎಂದು ಕರೆಯುತ್ತಾರಂತೆ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ಒಡೆಯಿತು.

"ಅವ್ರು ತಿಳಿಸಿದ್ರು ಅಕ್ಕಾ. ಬ್ರೇಕ್ ಬದಲಾಯ್ಸೋ ತನಕ ಲಿಫ್ಟ್ ನಿಲ್ಲಿಸ್ಬೇಕು ಅಂತ ಮೇಲ್ ಹಾಕಿದ್ರು. ಅವ್ರಿಗೆ ಟೈಪಿಂಗ್ ನಿಧಾನ. ಮನೆ ಕಂಪ್ಯೂಟರಲ್ಲಿ ನಾನೇ ಕೂತು ಟೈಪ್ ಮಾಡಿದ್ದು. ಮ್ಯಾನೇಜರ್ ರಘುನಾಥ್‌ಗೆ ಒಂದು, ಓನರ್‌ಗೆ ಅದರ ಕಾಪಿ. ಈಗ ಕೇಳಿದ್ರೆ ಅಂಥ ಮೇಲೇ ಇಲ್ಲ ಅಂತಾರೆ."

ಅವಳು ಪಟ್ಟು ಹಿಡಿದಾಗ ಕಂಪನಿಯವರು ಇನ್ನೊಂದು ಮಾತು ಸೇರಿಸಿದ್ದರು. ಹಳೆಯ ಮೇಲ್ ಸರ್ವರ್ ತೆಗೆದು ಹೊಸ ಆವೃತ್ತಿಯದನ್ನು ಹಾಕಿದ್ದು ಹೋದ ವಾರ. ಸಾಗಿಸುವಾಗ ಏನಾದರೂ ಕಳೆದುಹೋಗಿದ್ದರೆ ಅದು ಸರ್ವರ್ ನೋಡಿಕೊಳ್ಳುವ ಸುಬ್ರಮಣಿಯ ಕೈತಪ್ಪು ಎಂದು.

ಓನರಿಗೆ ಹೋದ ಕಾಪಿಯ ವಿಷಯ ಅವರಿಗೆ ಹೇಳಿದ್ದೀಯಾ ಎಂದು ನೀಲಕ್ಕ ಕೇಳಿದರು. ಇಲ್ಲ, ಮ್ಯಾನೇಜರಿಗೆ ಮೇಲ್ ಹಾಕಿದ್ದರು ಎನ್ನುವಷ್ಟರಲ್ಲೇ ತನ್ನ ಮಾತು ಕತ್ತರಿಸಿದರು ಎಂದಳು ಶಾಂತಲಾ.

"ಒಳ್ಳೇದಾಯ್ತು. ಅದನ್ನ ಯಾರಿಗೂ ಹೇಳ್ಬೇಡ," ಎಂದು ನೀಲಕ್ಕ ಚಪ್ಪಲಿ ಮೆಟ್ಟಿದರು. ನಾನು ಷಟರ್ ಎಳೆದೆ.

ಕಂಪನಿ ಇದ್ದದ್ದು ಮಾರುಕಟ್ಟೆ ಯಾರ್ಡಿನ ಹಿಂದಿನ ರಸ್ತೆಯಲ್ಲಿ. ಇಡೀ ರಸ್ತೆಗೆ ಕೊಳೆತ ಈರುಳ್ಳಿಯ ವಾಸನೆ ಹಿಡಿದಿತ್ತು. ಬೋರ್ಡಿನ ಮೇಲೆ ಮಾಲೀಕರ ಹೆಸರೇ ಇತ್ತು, ಚನ್ನಕೇಶವ ಲಿಫ್ಟ್ಸ್. ಕನ್ನಡದಲ್ಲಿ ಸರಿಯಾಗಿಯೇ ಬರೆಸಿದ್ದರು. ಇಂಗ್ಲಿಷಿನಲ್ಲಿ ಕೇಶವನ ಕೊನೆಗೆ ಎರಡು 'ಎ' ಇದ್ದವು. ಈಗೀಗ ಊರಿಗೆಲ್ಲ ಇದೇ ಚಾಳಿ. ಸಂಖ್ಯಾಶಾಸ್ತ್ರದವರು ಹೇಳಿದರೆಂದು ಹೆಸರಿಗೆ ಒಂದು ಅಕ್ಷರ ಅಂಟಿಸಿಕೊಂಡು ಅದೃಷ್ಟಕ್ಕೆ ಕಾಯುತ್ತಾರೆ. ನಾನು ನಕ್ಕೆ. ನೀಲಕ್ಕ ನಗಲಿಲ್ಲ.

ಗೇಟಿನಲ್ಲಿ ಗುಜರಿಯವರ ಆಟೋ ನಿಂತಿತ್ತು. ಹಳೆಯ ಕಂಪ್ಯೂಟರುಗಳ ರಾಶಿಯ ಮುಂದೆ ಬಡಕಲು ಮನುಷ್ಯನೊಬ್ಬ ಕೈ ಚಾಚಿಕೊಂಡು, ಒಂದು ಕಪ್ಪು ಪೆಟ್ಟಿಗೆಯನ್ನು ಎತ್ತಲು ಬಿಡದೆ ಜಗಳವಾಡುತ್ತಿದ್ದ. ಅವನೇ ಸುಬ್ರಮಣಿ. ಪೆಟ್ಟಿಗೆ ಹಳೆಯ ಮೇಲ್ ಸರ್ವರ್. ಹೊಸದು ಸರಿಯಾಗಿ ನಡೆಯುತ್ತದೆಂದು ಖಾತ್ರಿಯಾಗುವವರೆಗೆ ಹಳೆಯದನ್ನು ಮುಟ್ಟದೆ ಒಂದು ತಿಂಗಳಾದರೂ ಇಡಬೇಕು, ಅದು ಈ ಕೆಲಸದ ಮೊದಲ ಪಾಠ ಎಂದು ಅವನು ಬೇಡಿಕೊಳ್ಳುತ್ತಿದ್ದ. ಜಾಗ ಬೇಕು ಎಂದು ಗುಜರಿಯವರನ್ನು ಕರೆಸಿದ್ದು ರಘುನಾಥ್ ಸರ್ ಅಂತೆ. ನೀಲಕ್ಕ ನೇರವಾಗಿ ಮಾಲೀಕರ ಕೋಣೆಗೆ ಹೋಗಿ, ತಾವು ಯಾರು, ಬಂದದ್ದೇಕೆ ಎಂದು ಹೇಳಿ, ಆಟೋ ವಾಪಸ್ಸು ಕಳಿಸಿಬಿಟ್ಟರು.

ಚನ್ನಕೇಶವ ರಾಜಾನುಕುಂಟೆ ಕಡೆಯ ಜಮೀನ್ದಾರಿಕೆ ಮನೆತನದವರು, ದೊಡ್ಡ ಆಳು. ಗುಜರಿ ವಿಷಯ ತಮಗೆ ಗೊತ್ತೇ ಇಲ್ಲವೆಂದರು. ಅಶ್ವತ್ಥನ ಹೆಸರೆತ್ತಿದಾಗ ಮುಖ ಬೇರೆ ಕಡೆ ತಿರುಗಿಸಿದರು.

"ನಮ್ಮುಡುಗ ಅಮ್ಮ ಅವ್ನು. ಒಂದ್ ಮಾತ್ ಏಳಿದ್ರೆ ನಾನ್ ಲಿಫ್ಟ್ ನಿಲ್ಲಿಸ್ತಿರ್ನಿಲ್ವಾ? ನಂಗೇನೂ ಬಂದಿಲ್ಲ."

ಸುಬ್ರಮಣಿ ತನ್ನ ಕೆಲಸವನ್ನು ವಿವರಿಸಿದ. ಮೊದಲು ಹಳೆಯ ಸರ್ವರಿನ ಪೂರ್ತಿ ನಕಲು ತೆಗೆದಿಟ್ಟಿದ್ದ. ಆಮೇಲೆ ಒಂದೇ ಸಲಕ್ಕೆ ಎಲ್ಲರನ್ನೂ ಸಾಗಿಸದೆ, ಕೆಲವರ ಮೇಲ್‌ಬಾಕ್ಸ್ ಸಾಗಿಸಿ, ನೋಡಿ, ಮತ್ತೆ ಕೆಲವರದ್ದು. ಪ್ರತಿ ಬಾಕ್ಸಿನಲ್ಲೂ ಹೊರಡುವಾಗ ಎಷ್ಟು ಮೇಲ್ ಇದ್ದವೋ ತಲುಪಿದಾಗಲೂ ಅಷ್ಟೇ ಇವೆಯೇ ಎಂದು ತಾಳೆ ನೋಡಿದ್ದ. ಅಶ್ವತ್ಥನ ಬಾಕ್ಸಿನಲ್ಲಿ ಒಂದೂ ಕಮ್ಮಿಯಾಗಿರಲಿಲ್ಲ. ಅಳಿಸಿದ ಮೇಲ್‌ಗಳನ್ನು ಹಳೆಯ ಸರ್ವರ್ ಎರಡು ವಾರ ಇಟ್ಟುಕೊಂಡು ಆಮೇಲೆ ಪೂರ್ತಿ ಒರೆಸಿಬಿಡುತ್ತಿತ್ತಂತೆ. ಅಶ್ವತ್ಥ್ ತೀರಿಕೊಂಡ ಮೇಲೆ ಅವನ ಬಾಕ್ಸು ಯಾರ ಕೈಯಲ್ಲಿತ್ತು ಎಂದು ನೀಲಕ್ಕ ಕೇಳಿದರು. ಕೆಲಸ ನಿಲ್ಲಬಾರದೆಂದು ಅದರ ಪಾಸ್‌ವರ್ಡನ್ನು ರಘುನಾಥ್ ಸರ್‌ಗೆ ಕೊಟ್ಟಿದ್ದಾಗಿ ಹೇಳಿದ.

ರಘುನಾಥ್ ನಯವಾದ ಮನುಷ್ಯ. ನಮಗೆ ತಾನೇ ಕುರ್ಚಿ ಎಳೆದು ಹಾಕಿದ. ಅಶ್ವತ್ಥ್ ತನಗೆ ತಮ್ಮನ ಹಾಗಿದ್ದ, ಚಟ್ಟಕ್ಕೆ ಹೆಗಲು ಕೊಟ್ಟವನು ತಾನು ಎಂದ. ಕಣ್ಣು ನಿಜವಾಗಿಯೂ ಕೆಂಪಾಗಿತ್ತು; ನನಗೆ ಅವನ ಮೇಲೆ ಮರುಕವೇ ಹುಟ್ಟಿತು.

"ಶಾಂತಲಾ ಸಂಕಟ ಅರ್ಥ ಆಗುತ್ತೆ ಮೇಡಂ. ಆದ್ರೆ ಅವನು ಕಳಿಸೇ ಇಲ್ಲ. ನನ್ನ ಬಾಕ್ಸಲ್ಲಿ ಇಲ್ಲ. ಓನರ್ ಬಾಕ್ಸಲ್ಲೂ ನಾನೇ ಕೂತು ಹುಡುಕಿದೀನಿ, ಅಲ್ಲಿಗೂ ಕಾಪಿ ಬಂದಿಲ್ಲ."

ನೀಲಕ್ಕ ತಲೆದೂಗಿ ಎದ್ದರು. ಹೊರಗೆ ಬಂದವರೇ ಸುಬ್ರಮಣಿಯನ್ನು ಕರೆದು, ನನಗೆ ವಿಚಿತ್ರವೆನಿಸಿದ ಒಂದು ಪ್ರಶ್ನೆ ಹಾಕಿದರು. "ನಮ್ಮ ಪೋಸ್ಟಾಫೀಸಲ್ಲಿ ವಿಳಾಸ ಸಿಗದ ಕಾಗದಗಳನ್ನ ಸುಡ್ತಿರಲಿಲ್ಲ ಕಣಪ್ಪ, ಅವಕ್ಕೇ ಒಂದು ಆಫೀಸಿತ್ತು. ನಿಮ್ಮಲ್ಲಿ ಅಂಥವು ಎಲ್ಲಿಗೆ ಹೋಗ್ತವೆ?"

ಅಂಥದ್ದೊಂದು ಬಾಕ್ಸ್ ಹಳೆಯ ಸರ್ವರಿನಲ್ಲಿ ಇತ್ತು. ಗ್ರಾಹಕರು ಹೆಸರು ತಪ್ಪಾಗಿ ಬರೆದು ಕಳಿಸಿದ ಮೇಲ್ ವಾಪಸ್ಸು ಹೋಗಬಾರದೆಂದು ಅವನೇ ಮಾಡಿದ್ದ. ಬರಬರುತ್ತಾ ಅದರಲ್ಲಿ ಲಾಟರಿ, ಸಾಲ, ಔಷಧಿಯ ಜಾಹೀರಾತು ತುಂಬಿಕೊಂಡು ಯಾರೂ ನೋಡದಂತಾಗಿತ್ತು. ಯಾರ ಹೆಸರಿನಲ್ಲೂ ಇಲ್ಲದ ಬಾಕ್ಸ್ ಆದ್ದರಿಂದ ಹೊಸದಕ್ಕೆ ಸಾಗಿಸಿರಲೂ ಇಲ್ಲ. ನೀಲಕ್ಕ ಹಳೆಯ ಪೆಟ್ಟಿಗೆಗೆ ವೈರು ಹಾಕಿಸಿ ಕೂತರು. ನಾನು ಎರಡು ಸಲ ಕಾಫಿ ಕುಡಿದು ಬರುವಷ್ಟರಲ್ಲಿ ಪರದೆ ಆರಿಸಿ ಎದ್ದಿದ್ದರು. ಏನಾಯಿತೆಂದು ಕೇಳಿದರೆ, ನಾಳೆ ಶಾಂತಲಾಳನ್ನು ಕರೆದುಕೊಂಡು ಬಾ ಎಂದರು ಅಷ್ಟೆ.

ಮರುದಿನ ಮಾಲೀಕರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಚನ್ನಕೇಶವ, ರಘುನಾಥ್, ಸುಬ್ರಮಣಿ, ನಾವಿಬ್ಬರು, ಬಾಗಿಲ ಪಕ್ಕದಲ್ಲಿ ಶಾಂತಲಾ. ಕಿಟಕಿ ಮುಚ್ಚಿದ್ದರೂ ಗಾಳಿಯ ಸದ್ದು ಕೇಳಿಸುತ್ತಿತ್ತು.

ನೀಲಕ್ಕ ದನಿ ಏರಿಸದೆ ಶುರುಮಾಡಿದರು. ಮೇಲ್ ಟೈಪ್ ಮಾಡಿದವಳು ಈ ಹುಡುಗಿಯೇ, ಆದ್ದರಿಂದ ಮೇಲ್ ಹೋದದ್ದು ಖಂಡಿತ. ಅದು ಸಾಗಣೆಯಲ್ಲಿ ಕಳೆದಿಲ್ಲ, ಏಕೆಂದರೆ ಹೊರಟದ್ದೂ ತಲುಪಿದ್ದೂ ತಾಳೆಯಾಗಿವೆ. ಅಂದರೆ ಸಾಗಣೆಗೆ ಮೊದಲೇ ಯಾರೋ ತೆಗೆದಿದ್ದಾರೆ. ಸುಬ್ರಮಣಿ ತೆಗೆದ ನಕಲಿನಲ್ಲೂ ಅಳಿಸಿದವುಗಳ ಸಾಲಿನಲ್ಲೂ ಅದರ ಗುರುತಿಲ್ಲ. ಹಾಗಾದರೆ ತೆಗೆದು ಎರಡು ವಾರಕ್ಕೂ ಹೆಚ್ಚಾಗಿದೆ. ಅಶ್ವತ್ಥ್ ಸತ್ತ ಮೇಲೆ ಅವನ ಬಾಕ್ಸನ್ನು ತೆರೆಯಬಲ್ಲವರು ಇಬ್ಬರು, ಸುಬ್ರಮಣಿ ಮತ್ತು ರಘುನಾಥ್.

"ಸುಬ್ರಮಣಿ ಕಳ್ಳನಾಗಿದ್ರೆ ಗುಜರಿಯವರಿಗೆ ತಾನೇ ಆ ಪೆಟ್ಟಿಗೆ ಎತ್ತಿ ಕೊಡ್ತಿದ್ದ. ಅವನು ಅಡ್ಡ ನಿಂತಿದ್ದ. ಕರೆಸಿದ್ದು ನೀವು ರಘುನಾಥ್. ಅದೊಂದೇ ಆಗಿದ್ರೆ ನಾನು ಸುಮ್ಮನಿರ್ತಿದ್ದೆ. ನಿನ್ನೆ ನೀವು ಓನರ್ ಬಾಕ್ಸಲ್ಲಿ ಕಾಪಿ ಹುಡುಕಿದೆ ಅಂದ್ರಿ. ಓನರ್‌ಗೆ ಕಾಪಿ ಹೋಗಿತ್ತು ಅಂತ ಶಾಂತಲಾ ನಿಮಗೆ ಹೇಳೇ ಇಲ್ಲ. ಬಾರದೇ ಇರೋ ಮೇಲ್‌ಗೆ ಕಾಪಿ ಇತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ರಘುನಾಥ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

ಕಾಪಿ ಮಾಲೀಕರ ಬಾಕ್ಸಿನಲ್ಲಿ ಸಿಗದಿದ್ದಾಗ ಅವನಿಗೆ ಧೈರ್ಯ ಬಂತು, ಆದರೂ ಹಳೆಯ ಪೆಟ್ಟಿಗೆ ಇರುವವರೆಗೆ ನೆಮ್ಮದಿ ಇರಲಿಲ್ಲ ಎಂದರು ನೀಲಕ್ಕ. ಆಮೇಲೆ ಸುಬ್ರಮಣಿಗೆ ಸನ್ನೆ ಮಾಡಿದರು. ಅವನು ಪರದೆಯನ್ನು ಮಾಲೀಕರ ಕಡೆಗೆ ತಿರುಗಿಸಿದ. ಲಾಟರಿ ಜಾಹೀರಾತುಗಳ ನಡುವೆ ಅಶ್ವತ್ಥನ ಮೇಲ್ ಇತ್ತು. ಯಾರೂ ತೆರೆಯದ ಮೇಲ್‌ಗಳಿಗೆ ಇರುವ ದಪ್ಪ ಅಕ್ಷರದಲ್ಲಿ ಅವನ ಹೆಸರು ಕಾಣುತ್ತಿತ್ತು.

ಚನ್ನಕೇಶವ ಮೇಲ್ ತೆರೆಸಿ ನಿಧಾನವಾಗಿ ಓದಿಕೊಂಡರು. ರಘುನಾಥ್ ನೆಲ ನೋಡುತ್ತಾ ಮಾತಾಡಿದ.

"ಹೊಸ ಬ್ರೇಕ್ ಬರೋದಿತ್ತು ಸರ್. ಲಿಫ್ಟ್ ನಿಲ್ಲಿಸಿದ್ರೆ ಅಪಾರ್ಟ್‌ಮೆಂಟ್‌ನವರು ನಮ್ಮ ಕಾಂಟ್ರಾಕ್ಟೇ ಬಿಡಿಸ್ತಿದ್ರು. ಇನ್ನೊಂದಿಷ್ಟು ದಿನ ನಡೆಯುತ್ತೆ ಬಿಡು ಅಂತ ಅವನಿಗೆ ಫೋನಲ್ಲಿ ಹೇಳ್ದೆ. ಆಮೇಲೆ... ಅಳಿಸ್ದೆ."

"ನೀವು ಅವ್ರ ಚಟ್ಟ ಹೊತ್ರಿ," ಎಂದಳು ಶಾಂತಲಾ. ನನಗೆ ಹಿಂದಿನ ದಿನ ಅವನ ಮೇಲೆ ಹುಟ್ಟಿದ ಮರುಕ ನೆನಪಾಗಿ ಮೈ ಉರಿಯಿತು.

ಚನ್ನಕೇಶವ ಪೊಲೀಸರಿಗೆ ಫೋನು ಹಚ್ಚುವ ಮೊದಲು, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಇದು ನನ್ನತ್ರ ಬಂದಿದ್ರೆ ಅವತ್ತೇ ನಿಲ್ಲಿಸ್ತಿದ್ದೆ. ಇಬ್ರೂ ಉಳೀತಿದ್ರು. ಯಾಕ್ ಬರ್ಲಿಲ್ಲ ಇದು?"

ಸುಬ್ರಮಣಿ, "ಅದು ವಿಳಾಸದಲ್ಲಿ..." ಎಂದು ಶುರುಮಾಡಿದ. ನೀಲಕ್ಕ ಅವನ ಮಾತನ್ನು ಅಲ್ಲಿಗೇ ತಡೆದರು.

"ಹಳೇ ಸರ್ವರ್ ಅಲ್ವಾ. ಸರಿಯಾಗಿರೋ ವಿಳಾಸದ್ದನ್ನೂ ಒಂದೊಂದ್ಸಲ ಆ ಡಬ್ಬಿಗೇ ತಳ್ಳುತ್ತಿತ್ತು. ಹೌದೇನಪ್ಪ?"

ಅವನು ಒಂದು ಗಳಿಗೆ ಅವರ ಮುಖವನ್ನೇ ನೋಡಿ, ಹೌದು ಎಂದ.

ಪೊಲೀಸರು ಬಂದು ರಘುನಾಥನನ್ನು ಕರೆದುಕೊಂಡು ಹೋದರು. ವರದಿಯನ್ನು ತಿದ್ದಿ ಬರೆಯುವುದಾಗಿ ಶಾಂತಲಾಳಿಗೆ ಹೇಳಿದರು. ಅವಳು ಬೀದಿಯಲ್ಲಿ ತೋರಿಸಲು ಆ ಮೇಲ್‌ನ ಪ್ರಿಂಟ್ ಬೇಕೆಂದು ಸುಬ್ರಮಣಿಯ ಹಿಂದೆ ಒಳಗೆ ಹೋದಳು. ಮೆಟ್ಟಿಲಿಳಿಯುವಾಗ ನಾನು ನೀಲಕ್ಕನನ್ನು ಕೇಳಿದೆ. ಸರ್ವರುಗಳು ಹಾಗೆಲ್ಲ ತಪ್ಪುತ್ತವೆಯೇ?

"ಊರಿಗೆಲ್ಲ ಕನ್ನಡಕ ಹಾಕ್ತೀಯ, ನಿನಗೆ ಬೋರ್ಡ್ ಕಾಣ್ಲಿಲ್ವಾ?" ಎಂದರು. ಬೈಗುಳದಲ್ಲಿ ಎಂದಿನ ಖಾರವಿರಲಿಲ್ಲ. "ಆಫೀಸಲ್ಲಿ ಎಲ್ಲರೂ ಹೆಸರನ್ನ ಪಟ್ಟಿಯಿಂದ ಆರಿಸ್ಕೊಳ್ತಾರೆ, ಅದಕ್ಕೆ ತಪ್ಪಾಗಲ್ಲ. ಇವಳು ಮನೇಲಿ ಕೈಯಲ್ಲಿ ಹೊಡೆದಿದಾಳೆ. ವಿಳಾಸದಲ್ಲಿ ಓನರ್ ಹೆಸರಿನ ಕೊನೇಲಿ ಒಂದೇ ಎ. ಅವಳಿಗೆ ಅದು ಗೊತ್ತಾಗ್ಬಾರ್ದು ಆನಂದಪ್ಪ."

ಇಷ್ಟು ವರ್ಷಗಳಲ್ಲಿ ನೀಲಕ್ಕ ಪ್ರಕರಣವೊಂದನ್ನು ವಿವರಿಸುವಾಗ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಆವತ್ತೊಂದೇ ದಿನ. ಅವರ ಮೇಲೆ ನನಗೆ ಇದ್ದ ಗೌರವ ಅದರಿಂದ ಹೆಚ್ಚಿತೆಂದೇ ಹೇಳುತ್ತೇನೆ.

ಬಸ್ ಸ್ಟಾಪಿನವರೆಗೆ ನಾವು ಮೂವರೂ ನಡೆದೆವು. ಶಾಂತಲಾ ಕಾಗದವನ್ನು ಗಾಳಿಗೆ ಹಾರದಂತೆ ಎರಡು ಕೈಯಲ್ಲೂ ಹಿಡಿದು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು. ಇನ್ನು ಮಗಳನ್ನು ಯಾರೂ ಏನೂ ಅನ್ನುವುದಿಲ್ಲ, ಸ್ಕೂಲಿಗೆ ತಾವೂ ಬರುವುದಾಗಿ ನೀಲಕ್ಕ ಹೇಳಿದರು. ಅವಳು ತಲೆಯಾಡಿಸಿದಳು.

"ಟೈಪ್ ಮಾಡೋವಾಗ ಅವ್ರು ಹೇಳಿದ್ರು ಅಕ್ಕಾ, ಓನರ್ ಹೆಸರಿನ ಕೊನೇಗೆ ಎರಡು ಎ ಬರುತ್ತೆ ಅಂತ. ನಾನು ನಕ್ಕೆ. ನಿಮಗೆ ಕಾಗುಣಿತಾನೇ ಬರಲ್ಲ ಅಂದು ಒಂದನ್ನ ಅಳಿಸ್ಬಿಟ್ಟೆ. ಅವ್ರೂ ನಕ್ಕು ಸುಮ್ಮನಾದ್ರು."

ನೀಲಕ್ಕ ಅವಳ ತೋಳು ಹಿಡಿದುಕೊಂಡರು. ನನಗೆ ಅಳು ಬಂತು, ಮುಚ್ಚಿಡುವುದೇನೂ ಇಲ್ಲ.

ಬಾಗಲಗುಂಟೆ ಬಸ್ಸು ಬರುತ್ತಿರುವುದು ಕಂಡಿತು. ಮೊದಲು ಲಕ್ಕಮ್ಮನ ಮನೆಗೆ ಹೋಗಿ ಅವಳ ಮಗನಿಗೆ ಕಾಗದ ತೋರಿಸುತ್ತೇನೆ ಎಂದು ಶಾಂತಲಾ ಹೇಳಿದಳು.

"ಎರಡೂ ಹೇಳ್ತೀನಿ ಅಕ್ಕಾ. ಇವ್ರು ತಿಳಿಸಿದ್ದೂ ಹೇಳ್ತೀನಿ, ನಾನು ಅಳಿಸಿದ್ದೂ ಹೇಳ್ತೀನಿ."

ಎರಡನೆಯದನ್ನು ಹೇಳಬೇಡ ಎಂದು ನೀಲಕ್ಕ ಅಂಗಲಾಚಿದರು. ಅದು ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಕೇಳುವುದಿಲ್ಲ ಎಂದರು. ಶಾಂತಲಾ ಅವರ ಕೈಯನ್ನು ಮೆಲ್ಲಗೆ ಬಿಡಿಸಿ ಬಸ್ಸು ಹತ್ತಿದಳು.